ಗಂಜಿ ಕುಡಿದ ತಂತಿ

ಹ್ಯಾಮ್ ರೇಡಿಯೋ ಹುಚ್ಚು ಹಿಡಿದವರ ಮುಂದೆ ನೀವು ಅಪ್ಪಿತಪ್ಪಿಯೂ ಎತ್ತಬಾರದ ವಿಷಯ ಒಂದಿದೆ: ಅವರ ಮೊದಲ ಆಂಟೆನಾ. ಎತ್ತಿದಿರೋ, ಅಂದಿನ ನಿಮ್ಮ ಕೆಲಸ ಕೆಟ್ಟಿತೆಂದೇ ತಿಳಿಯಿರಿ. ಸ್ವಂತ ಮದುವೆಯ ದಿನ ಮರೆತವರಿಗೂ ಮೊದಲ ತಂತಿಯನ್ನು ಯಾವ ಮರದಿಂದ ಯಾವ ಗೋಡೆಗೆ ಕಟ್ಟಿದ್ದೆವು, ಅದರ ಮೇಲೆ ಯಾವ ಹಕ್ಕಿ ಕೂರುತ್ತಿತ್ತು ಎಂಬುದು ಚೆನ್ನಾಗಿ ನೆನಪಿರುತ್ತದೆ. ನಾನೂ ಅದೇ ಜಾತಿಯವಳು. ಸರ್ಕಾರದ ಪರವಾನಗಿ ಪಡೆದು, ಗದ್ವಾಲಿನ ನಮ್ಮ ಮಾಳಿಗೆಯ ಮೇಲೆ ಗಳ ನೆಟ್ಟು ತಂತಿ ಎಳೆದು, ಕೆಳಗೆ ಪೆಟ್ಟಿಗೆಯ ಮುಂದೆ ಕೂತು, ಮುಖ ಕಾಣದ ಜನರ ಜೊತೆ ಹರಟುತ್ತೇನೆ. ಪಕ್ಕದ ಮನೆಯಾಕೆ ಬಹುಕಾಲ ನನ್ನ ಮೈಮೇಲೆ ದೇವರು ಬರುತ್ತದೆಂದೇ ನಂಬಿದ್ದಳು. ನಾನೂ ಆ ಗೌರವವನ್ನು ಬೇಡವೆನ್ನಲಿಲ್ಲ.

ಭಾನುವಾರ ಮುಂಜಾನೆ ನಮ್ಮ ಕೂಟ ಗಾಳಿಯಲ್ಲೇ ಸೇರುತ್ತದೆ. ಮೊನ್ನೆ ಅಲ್ಲಿ ಈ ಮೊದಲ ಆಂಟೆನಾ ಸುದ್ದಿ ಬಂತು. ಕರ್ನೂಲಿನ ಒಬ್ಬರದು ಬೇವಿನ ಮರದ ಕೊಂಬೆಯಂತೆ. ಹುಬ್ಬಳ್ಳಿಯವರು ಬಟ್ಟೆ ಒಣಹಾಕುವ ತಂತಿಯನ್ನೇ ಬಳಸಿದ್ದರಂತೆ. ಹೆಂಡತಿ ಒದ್ದೆ ಸೀರೆ ಹರವಿದ ದಿನ ಸಿಂಗಪುರ ಮಾಯವಾಗುತ್ತಿತ್ತಂತೆ. ನನ್ನ ಸರದಿ ಬಂದಾಗ, "ನಮ್ಮದು ಸೊಂಟದೆತ್ತರ ಇತ್ತು, ಗಂಜಿ ಹಚ್ಚಿದ್ದು" ಅಂದೆ. ತಕ್ಷಣ ರಾಯಚೂರಿನ ಡಾಕ್ಟರರ ದನಿ ಬಂತು. "ಏನು ಹಚ್ಚಿದ್ದು ಅಂದ್ರಿ? ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳುತ್ತೇನೆ. ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನೂ ನಿಮಗೆ ಹೇಳುತ್ತೇನೆ.

ನಮ್ಮದು ನಾರಾಯಣಪೇಟೆ, ಸೀರೆ ನೇಯುವ ಮನೆ. ಹೈದರಾಬಾದ್ ಸಂಸ್ಥಾನದ ಕೊನೆಯ ಮಳೆಗಾಲ ಅದು. ಇನ್ನೇನು ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆಗಲಿದೆ ಎಂಬುದು ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ನನ್ನ ಅಣ್ಣ ರುದ್ರಪ್ಪ ಒಂದು ದಿನ ಮಗ್ಗದ ಮೇಲೆ ಅರ್ಧ ಸೀರೆ ಬಿಟ್ಟು, ಕೃಷ್ಣೆ ದಾಟಿ, ಗದ್ವಾಲ ದಾಟಿ, ತುಂಗಭದ್ರೆಯ ಆಚೆ ಕರ್ನೂಲಿನ ಕಡೆ ನಿಜಾಮನ ವಿರುದ್ಧ ಹೋರಾಡುವವರ ಶಿಬಿರ ಸೇರಿದ್ದ. ಅಲ್ಲಿಂದ ಸುದ್ದಿ ಬರುತ್ತಿರಲಿಲ್ಲ. ಇದ್ದಾನೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವ್ವ ಆ ಪ್ರಶ್ನೆಯನ್ನು ತನಗೆ ಸಾಧ್ಯವಾದಷ್ಟು ಚಿಕ್ಕದು ಮಾಡಿಕೊಂಡಿದ್ದಳು. ರೊಟ್ಟಿ ಬಡಿಯುವಾಗ ಒಲೆಯ ಕಡೆಗೇ ನೋಡುತ್ತಾ, "ಉಂಡಾನೋ ಇಲ್ಲೋ" ಅನ್ನುವಳು. ಎಲ್ಲರಿಗೂ ಬಿಸಿ ರೊಟ್ಟಿ ಹಾಕಿ ತಾನು ಹಿಂದಿನ ದಿನದ್ದನ್ನು ಮುರಿದುಕೊಂಡು ತಿನ್ನುವಳು. ಬಿಸಿಯದನ್ನು ಅವನು ಬಂದ ಮೇಲೆ ತಿನ್ನುವುದಂತೆ.

ಮಕ್ತಲದಲ್ಲಿ ಗ್ರಾಮಫೋನು ರಿಪೇರಿ ಮಾಡುತ್ತಿದ್ದ ನನ್ನ ಸೋದರಮಾವ ಈರಣ್ಣ ಅಕ್ಕನ ಈ ಸ್ಥಿತಿ ನೋಡಲಾರದೆ, ಜೋಳದ ಚೀಲದೊಳಗೆ ಬ್ಯಾಟರಿ ರೇಡಿಯೋ ಒಂದನ್ನು ಅಡಗಿಸಿ ಬಂಡಿಯಲ್ಲಿ ತಂದ. ಆಚೆಯ, ಎಂದರೆ ಭಾರತದ, ಸ್ಟೇಷನ್ ಕೇಳುವುದು ಆಗ ನಿಜಾಮನ ಪರದ ರಜಾಕಾರರ ಕಣ್ಣಿಗೆ ಬೀಳಬಾರದ ಕೆಲಸ. ಜೊತೆಗೆ ಒಂದು ಸುರುಳಿ ತಾಮ್ರದ ತಂತಿ ಇತ್ತು. ಅದನ್ನು ಅವ್ವನ ಕೈಗೆ ಕೊಟ್ಟು, "ನಾಳೆ ಬಂದು ಕಟ್ತೀನಿ, ಹುಷಾರು" ಎಂದು ಹೇಳಿ ಹೋದ.

ನೇಕಾರರ ಮನೆಯಲ್ಲಿ ಹೊಸ ಎಳೆಯನ್ನು ಹುಷಾರಾಗಿ ನೋಡಿಕೊಳ್ಳುವುದೆಂದರೆ ಒಂದೇ ಅರ್ಥ. ಹಾಸಿನ ನೂಲನ್ನು, ಎಂದರೆ ಸೀರೆಯ ಉದ್ದದ ಎಳೆಗಳನ್ನು, ಬೀದಿಯುದ್ದಕ್ಕೂ ಎಳೆದು, ಕವೆಗೋಲುಗಳ ಮೇಲೆ ನಿಲ್ಲಿಸಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಬಿಸಿಲಿಗೆ ಒಣಗಿಸಬೇಕು. ಗಂಜಿ ಕುಡಿಯದ ಎಳೆ ಮಗ್ಗದ ಹೊಡೆತ ತಾಳದೆ ಹರಿಯುತ್ತದೆ. ಮರುದಿನ ಮಾವ ಬಂದಾಗ ಬೀದಿಯಲ್ಲಿ ನಮ್ಮ ಹಾಸು ಹರಡಿತ್ತು, ಕೆಂಪು ಅಂಚಿನ ಪಕ್ಕದಲ್ಲೇ ತಾಮ್ರದ ತಂತಿಯೂ ಬಿಗಿಯಾಗಿ ನಿಂತಿತ್ತು. ಅವ್ವ ಅದಕ್ಕೆ ಎರಡು ಸಲ ಗಂಜಿ ಕುಡಿಸಿ, ಒಂದಿಷ್ಟು ಎಣ್ಣೆಯನ್ನೂ ಸವರಿ, ಪ್ರೀತಿಯಿಂದ ತೀಡುತ್ತಿದ್ದಳು.

"ಅಕ್ಕಾ, ಏನ್ ಮಾಡಾಕ ಹತ್ತೀ?"

"ಮತ್ತ? ಅಷ್ಟು ದೂರದಿಂದ ಮಾತು ಜಗ್ಗೋ ಎಳಿ. ಹಸಿದು ನಿಂತ್ರ ಹರೀತೈತಿ."

ಮಾವ ತಲೆಯ ಮೇಲೆ ಕೈ ಹೊತ್ತು ಕೂತ. ಅಷ್ಟರಲ್ಲಿ ಪೊಲೀಸ್ ಚೌಕಿಯ ಜವಾನನೊಬ್ಬ ಆ ದಾರಿಯಲ್ಲಿ ಬಂದ. ತಂತಿಯ ಹೊಳಪು ಕಂಡು ನಿಂತು, "ಯೇ ಕ್ಯಾ ಹೈ ಅಮ್ಮಾ?" ಎಂದ. ಅವ್ವ ಕುಂಚ ನಿಲ್ಲಿಸದೆ, "ಜರಿ ಹೈ ಸಾಬ್" ಅಂದಳು. ಗಂಜಿ ಮೆತ್ತಿದ ಜರಿಯನ್ನು ಅವನು ಹಿಂದೆ ಕಂಡಿದ್ದನೋ ಇಲ್ಲವೋ, ತಲೆಯಾಡಿಸಿ ಮುಂದೆ ಹೋದ. ಮಾವ ಮೆಲ್ಲಗೆ ತಲೆಯಿಂದ ಕೈ ತೆಗೆದ, ಅವನಿಗೆ ಉಪಾಯ ಹೊಳೆದಿತ್ತು. ಮಾಳಿಗೆಯ ಮೇಲೆ ಕಟ್ಟಿದ ತಂತಿ ಊರಿಗೆಲ್ಲ ಕಾಣುತ್ತದೆ. ಹಾಸಿನೊಳಗಿನ ತಂತಿ ಯಾರಿಗೂ ಕಾಣುವುದಿಲ್ಲ. ಒಂದು ತುದಿಯ ಗಂಜಿಯನ್ನು ನಾನು ಉಗುರಿನಿಂದ ಕೆರೆದೆ, ಕಿಟಕಿಯೊಳಗಿಂದ ರೇಡಿಯೋಕ್ಕೆ ಸೇರಿಸಿದೆವು. ಅಂದಿನಿಂದ ಬೀದಿಯಲ್ಲಿ ಯಾರ ಮನೆಯ ಹಾಸು ಹರಡಿದರೂ ನಮ್ಮ ತಂತಿ ಅದರ ಮಗ್ಗುಲಲ್ಲಿ ಮಲಗುತ್ತಿತ್ತು. ಮಳೆ ಹನಿದರೆ ಹಾಸೂ ಇಲ್ಲ, ಸುದ್ದಿಯೂ ಇಲ್ಲ.

ಆಂಟೆನಾ ಎಷ್ಟು ಎತ್ತರವೋ ಅಷ್ಟು ಒಳ್ಳೆಯದು ಎಂದು ಆಮೇಲೆ ಓದಿದ ಪುಸ್ತಕಗಳೆಲ್ಲ ಹೇಳಿವೆ. ಅವುಗಳ ಲೆಕ್ಕದಲ್ಲಿ ನಮ್ಮ ತಂತಿಗೆ ಕೇಳಿಸಬೇಕಾಗಿದ್ದದ್ದು ಬೀದಿಯ ಆಡುಗಳು ಮಾತ್ರ. ಆದರೆ ಆ ಮುಂಜಾವುಗಳಲ್ಲಿ ಮದರಾಸಿನ ತೆಲುಗು ಸುದ್ದಿ ಬಂದೇ ಬರುತ್ತಿತ್ತು. ಬರುವುದು, ನದಿಯ ಆಚೆ ದಡದಿಂದ ಯಾರೋ ಕೂಗಿದಂತೆ ತೇಲಿಹೋಗುವುದು, ಮತ್ತೆ ಬರುವುದು. ಒಣಗಿದ ಗಂಜಿಗೆ ಗುಬ್ಬಿಗಳು ಮುತ್ತಿ ತಂತಿ ಕುಟುಕಿದರೆ ದಿಲ್ಲಿಯ ಭಾಷಣದ ನಡುವೆ ಕಟಕಟ ಸದ್ದು. ಹೊರಗೆ ಎಳೆಬಿಸಿಲಿನಲ್ಲಿ ಬಣ್ಣದ ಹಾಸು ಗಾಳಿಗೆ ಮೆಲ್ಲಗೆ ಉಸಿರಾಡುತ್ತಿತ್ತು. ಒಳಗೆ ಮಗ್ಗದಲ್ಲಿ ಅಪ್ಪನ ಲಾಳಿ ನಿಲ್ಲುತ್ತಿತ್ತು. ನಾನು ಕಿಟಕಿಗೆ ಒರಗಿ ಕಣ್ಣು ಮುಚ್ಚಿದರೆ, ಆ ದನಿ ನಮ್ಮ ಬೀದಿಯ ನೂಲುಗಳ ಮೇಲೇ ಬರಿಗಾಲಿನಲ್ಲಿ ನಡೆದುಬರುತ್ತಿದೆ ಅನ್ನಿಸುತ್ತಿತ್ತು. ಈಗಲೂ ಹೆಡ್‌ಫೋನ್ ಹಾಕಿಕೊಂಡಾಗ ಹುಳಿಗಂಜಿಯ ವಾಸನೆ ಬರುತ್ತದೆ.

ಅವ್ವನಿಗೆ ಮಾತ್ರ ತೃಪ್ತಿಯಿರಲಿಲ್ಲ. "ಇಷ್ಟೆಲ್ಲ ಹೇಳ್ತಾನ, ನಮ್ಮ ರುದ್ರ ಉಂಡಾನಿಲ್ಲೋ ಅಂತ ಅವನ್ನ ಕೇಳು," ಎಂದಳು ಮಾವನಿಗೆ.

"ಅಕ್ಕಾ, ಇದು ಅವರ ಮಾತು ತರ್ತೈತಿ ಅಷ್ಟ. ನಮ್ಮ ಮಾತು ಒಯ್ಯಂಗಿಲ್ಲ."

"ಬಂದ ದಾರಿ ಹೋಗಾಕೂ ಇರ್ತೈತಿ. ಇಲ್ಲಾಂದ್ರ ಅದೆಂಥಾ ದಾರಿ?"

ಮರುದಿನ ಅವಳು ಕುಂಚ ಹಿಡಿದು ತಂತಿಯ ಹತ್ತಿರ ಬಾಗಿ, ಬೀದಿಯವರಿಗೆ ಕೇಳದಷ್ಟು ಮೆಲ್ಲಗೆ, "ಉಂಡ್ಯೇನೋ ರುದ್ರಾ?" ಅಂದದ್ದನ್ನು ನಾನು ಕಿಟಕಿಯಿಂದ ಕಂಡೆ. ನಗು ಬಂತು, ಆದರೂ ಅವಳಿಗೆ ಕಾಣದಂತೆ ಕಿಟಕಿಯಿಂದ ಸರಿದೆ. ಬಹಳ ವರ್ಷಗಳ ಮೇಲೆ, ಲೈಸೆನ್ಸಿನ ಪರೀಕ್ಷೆಗೆ ಓದುವಾಗ, ಮಾತು ಹಿಡಿಯುವ ತಂತಿ ಮಾತು ಕಳಿಸಲೂ ಬಲ್ಲದು ಎಂಬ ಸಾಲು ಕಂಡು ಪುಸ್ತಕ ಮುಚ್ಚಿಟ್ಟು ಕೂತೆ. ಅವ್ವನ ಮಾತು ಅರ್ಧ ನಿಜವಾಗಿತ್ತು. ತಂತಿ ಸಿದ್ಧವಿತ್ತು, ಪೆಟ್ಟಿಗೆಗೆ ಆ ವಿದ್ಯೆ ಬರುತ್ತಿರಲಿಲ್ಲ. ಆ ಪೆಟ್ಟಿಗೆ ಹುಡುಕಿಕೊಂಡೇ ನಾನು ಈ ಹುಚ್ಚಿಗೆ ಬಿದ್ದೆ ಎಂದರೆ ತಪ್ಪಿಲ್ಲ.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ನಿಜಾಮ ಸರ್ಕಾರ ಕೈಚೆಲ್ಲಿತೆಂಬ ಸುದ್ದಿಯೂ ಅದೇ ತಂತಿಯಲ್ಲಿ ಬಂತು. ಬೀದಿಗೆ ಬೀದಿಯೇ ನಮ್ಮ ಕಿಟಕಿಗೆ ಮುತ್ತಿತು. ಅವ್ವ ಕೊನೆಯವರೆಗೂ ಕೇಳಿ, "ಇಷ್ಟ ಏನು?" ಎಂದು ಒಳಗೆ ಹೋದಳು. ಹೋದವರು ಒಬ್ಬೊಬ್ಬರಾಗಿ ಊರಿಗೆ ಮರಳಿದರು. ಅಣ್ಣ ಬರಲಿಲ್ಲ. ಕೇಳಿದರೆ ಮರಳಿದವರು ಮಾತು ಬದಲಿಸುತ್ತಿದ್ದರು. ಅವ್ವ ತಂಗಳು ರೊಟ್ಟಿ ಬಿಡಲಿಲ್ಲ, ತಂತಿಯನ್ನು ಬಿಚ್ಚಲೂ ಬಿಡಲಿಲ್ಲ.

ಒಂದು ಮುಂಜಾನೆ ಹಾಸಿನ ಮೇಲೆ ಹಸಿ ಗಂಜಿ ಬಿದ್ದಿತ್ತು, ಅವ್ವ ತೀಡುತ್ತಿದ್ದಳು, ಮಾವ ಕವೆಗೋಲು ಹಿಡಿದಿದ್ದ. ಹಾಸಿನ ಆಚೆ ಬದಿಯಲ್ಲಿ ಗಡ್ಡ ಬಿಟ್ಟ, ಸೊರಗಿದ ಒಬ್ಬ ಬಂದು ನಿಂತ. ನಮ್ಮಲ್ಲಿ ಹಾಸನ್ನು ಯಾರೂ ದಾಟುವುದಿಲ್ಲ, ಅದರ ಕೆಳಗೆ ನುಸುಳುವುದೂ ಇಲ್ಲ. ಎಷ್ಟೇ ಅವಸರವಿದ್ದರೂ ತುದಿಯವರೆಗೆ ನಡೆದು ಸುತ್ತಿ ಬರಬೇಕು. ಹಸಿ ಗಂಜಿ ಬಿಟ್ಟು ಕದಲುವಂತೆಯೂ ಇಲ್ಲ, ಎಳೆಗಳು ಅಂಟಿಕೊಳ್ಳುತ್ತವೆ. ಬಂದವನು ಅಣ್ಣನೇ; ನೇಕಾರನ ಮಗನಾದ್ದರಿಂದ ಹಾಸು ದಾಟದೆ ಆಚೆ ನಿಂತ, ಅವ್ವ ಈಚೆ ನಿಂತಳು. ನಡುವೆ ಒಂದು ಸೀರೆಯ ಅಗಲ.

"ಅವ್ವಾ, ಉಂಡಿಲ್ಲ," ಎಂದ ಅಣ್ಣ. "ಭಾಳ ಹಸಿವಾಗೈತಿ."

ಅವನು ತುದಿಯ ಕಡೆ ನಡೆಯತೊಡಗಿದ. ಅವ್ವನೂ ಅವನ ಜೊತೆಜೊತೆಗೇ, ಈಚೆ ಬದಿಯಲ್ಲಿ, ಕುಂಚ ಆಡಿಸುತ್ತಲೇ ನಡೆದಳು. ಕಣ್ಣೀರು ಹಾಸಿನ ಮೇಲೆ ಬೀಳದಂತೆ ಮುಖ ತಿರುಗಿಸಿ, ಮಾವನಿಗೆ ಹೇಳಿದಳು: "ನೋಡಿದ್ಯಾ ಈರಣ್ಣಾ? ಒಯ್ಯಂಗಿಲ್ಲ ಅಂದಿದ್ದಿ. ಹೋಗಿ ಮುಟ್ಟೈತಿ. ಜವಾಬು ಬರಾಕ ತಡ ಆತು, ಅಷ್ಟ."

ಈ ಕೊನೆಯ ಭಾಗವನ್ನು ನಾನು ಭಾನುವಾರದ ಕೂಟಕ್ಕೆ ಹೇಳಲಿಲ್ಲ. ಎಲ್ಲರೂ ಗುಬ್ಬಿಗಳ ಕಥೆಗೆ ನಕ್ಕು, ಒಬ್ಬರಿಗೊಬ್ಬರು ವಿದಾಯ ಹೇಳಿ ಹೋದರು. ನಾನು ಮಾತ್ರ ಪೆಟ್ಟಿಗೆ ಆರಿಸುವ ಮುಂಚೆ ಯಾವಾಗಿನಂತೆ ಖಾಲಿ ಗಾಳಿಯಲ್ಲಿ ಒಂದು ಸಲ, "ಉಂಡ್ಯೇನವ್ವಾ?" ಎಂದು ಕೇಳಿದೆ. ಲೈಸೆನ್ಸಿನ ನಿಯಮಗಳಲ್ಲಿ ಇದಕ್ಕೆ ಜಾಗವಿದೆಯೋ ಇಲ್ಲವೋ, ನಾನು ತೆಗೆದು ನೋಡಿಲ್ಲ. ಅವ್ವ ತೀರಿಕೊಂಡು ಬಹಳ ವರ್ಷಗಳಾದವು. ಜವಾಬು ಬರಲು ತಡವಾಗಿದೆ, ಅಷ್ಟೇ.