ಕಾರಿನೊಳಗಿನ ಎರಡು ಕೊಕ್ಕೆ

ಕಾವೇರಮ್ಮನ ದಯೆಯಿಂದ ನಾನು ಯಾವ ಕಾಗದದಲ್ಲೂ ಸುಳ್ಳು ಬರೆದವನಲ್ಲ. ಕಾರಿಗೆ ವಿಮೆ ಮಾಡಿಸುವಾಗಲೂ ಹಾಗೆಯೇ. ಕೊಂಡ ಮೇಲೆ ಕಾರಿಗೆ ಏನೇನು ಸೇರಿಸಿದ್ದೀರಿ ಎಂದು ಅರ್ಜಿಯಲ್ಲಿ ಕೇಳಿತ್ತು. ವಿರಾಜಪೇಟೆಗೆ ಬಂದಿದ್ದ ಏಜೆಂಟರಿಗೆ, “ಬರೆದುಕೊಳ್ಳಿ ರಾಯರೇ, ಮಂಜಿಗೊಂದು ದೀಪ, ಕೋವಿ ಇಡಲಿಕ್ಕೆ ಎರಡು ಕೊಕ್ಕೆ” ಎಂದೆ.

ಮೈಸೂರಿನವರಾದ ಅವರು ಪೆನ್ನು ಕೆಳಗಿಟ್ಟರು. “ಕೋವಿಯೇ? ಯಾರನ್ನು ಹೊಡೀಲಿಕ್ಕೆ ಸ್ವಾಮಿ?”

“ಹೊಡೀಲಿಕ್ಕಲ್ಲ, ಪೂಜೆಗೆ. ಕೈಲ್‌ಪೋಳ್ದು ಅಂದರೆ ನಮ್ಮ ಕೊಡವರ ಆಯುಧಪೂಜೆ; ಆ ಹಬ್ಬಕ್ಕೆ ಅವ್ವನನ್ನೂ ಕೋವಿಯನ್ನೂ ಹಿರಿಯರ ಮನೆಗೆ ಕರಕೊಂಡು ಹೋಗಬೇಕು.”

“ಕೊಕ್ಕೆ ವಿಷಯ ಬಿಟ್ಟುಬಿಡೋಣ.”

“ಕಾವೇರಮ್ಮ ನೋಡ್ತಾಳೆ. ಬರೀರಿ.”

ಹಬ್ಬಕ್ಕೆ ಹದಿನೈದು ದಿನ ಇರುವಾಗ ಮದ್ರಾಸಿನ ಕಚೇರಿಯಿಂದ ಉತ್ತರ ಬಂತು: ಯುದ್ಧದ ವಾಹನಗಳಿಗೆ ನಮ್ಮಲ್ಲಿ ವಿಮೆ ಇಲ್ಲ. ವಿಮೆಯಿಲ್ಲದೆ ಕಾರು ರಸ್ತೆಗಿಳಿಯುವಂತಿಲ್ಲ. ಅವ್ವ ಅಷ್ಟು ದೂರ ನಡೆಯುವಂತಿಲ್ಲ. ಕೊಕ್ಕೆ ಕಿತ್ತೆ, ಕಿತ್ತಿದ್ದೇನೆಂದು ಬರೆದೆ. ಹಬ್ಬದ ಹಿಂದಿನ ದಿನ ಪಾಲಿಸಿ ಕೈಸೇರಿತು.

ಕೋವಿ ಈಗ ಅವ್ವನ ತೊಡೆಯ ಮೇಲೆ ಪ್ರಯಾಣ ಮಾಡುತ್ತದೆ, ನಳಿಗೆ ಕಿಟಕಿಯಿಂದ ಒಂದು ಗೇಣು ಹೊರಗೆ. ಅವ್ವ ತೊಡೆಯ ಮೇಲೆ ಏನಿಟ್ಟುಕೊಳ್ಳುತ್ತಾಳೆ ಎಂದು ಅರ್ಜಿಯಲ್ಲಿ ಕೇಳಿಲ್ಲ. ಕೇಳಿದ್ದರೆ, ಕಾವೇರಮ್ಮನಾಣೆ, ಅದನ್ನೂ ಬರೆಯುತ್ತಿದ್ದೆ.