ಹಾರಂಗಿ ಗಾಡಿ ಮತ್ತು ಬೋಜಮ್ಮನವರ ಸಾಕ್ಷ್ಯ

ಕೊಡಗು ರಾಜ್ಯದ ಆರೋಗ್ಯ ಸೇವೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಅದರಲ್ಲಿ ವೈದ್ಯಾಧಿಕಾರಿಗಳ ಹೆಸರುಗಳು ಸಾಲುಸಾಲಾಗಿ ಬಂದಾವು, ಆಸ್ಪತ್ರೆಗಳ ಅಡಿಗಲ್ಲುಗಳೂ ಉದ್ಘಾಟನೆಗಳೂ ಬಂದಾವು; ಆದರೆ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಗದ್ದೆಯ ಬದುವಿನ ಮೇಲೆ ನಡೆದುಹೋಗಿ, ಮನೆಮನೆಯಲ್ಲಿ ಹೆರಿಗೆ ಮಾಡಿಸಿ ಬಂದ ದಾದಿಯರ ಹೆಸರು ಬರುವುದೋ ಇಲ್ಲವೋ ಎಂಬ ಅನುಮಾನ ನನಗಿದೆ. ಬರುವ ನವೆಂಬರಿನಲ್ಲಿ ನಮ್ಮ ರಾಜ್ಯವೇ ಇನ್ನೊಂದು ದೊಡ್ಡ ರಾಜ್ಯದೊಳಗೆ ಸೇರಿಹೋಗಲಿರುವಾಗ ಈ ಅನುಮಾನ ಇನ್ನಷ್ಟು ಕಾಡುತ್ತದೆ. ಆದ್ದರಿಂದ ಶ್ರೀಮತಿ ಬೋಜಮ್ಮನವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಅವರ ಜೊತೆಗೆ ಕಂಪೌಂಡರನಾಗಿ ದುಡಿದ ನಾನು ನಾಲ್ಕು ಮಾತು ಬರೆದಿಡುತ್ತಿದ್ದೇನೆ.

ಈ ಬೀಳ್ಕೊಡುಗೆ ಸಂಪುಟದ ಸಂಪಾದಕರು ನನಗೆ ಹೇಳಿಕಳಿಸಿದ್ದು ‘ಗೌರವಪೂರ್ಣವಾಗಿ ಬರೆಯಿರಿ, ಅಹಿತಕರವಾದದ್ದನ್ನು ಬಿಡಿ’ ಎಂದು. ಬೋಜಮ್ಮನವರು ಹೇಳಿದ್ದು ಬೇರೆ. “ದೇರಪ್ಪ, ಗಾಡಿ ವಿಷಯ ಬರೀದಿದ್ರೆ ನನ್ನ ವಿಷಯ ಬರೀಲೇಬೇಡ” ಎಂದರು. ಸಂಪಾದಕರ ಮುಖವನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು, ನಿವೃತ್ತರಾಗಿ ನಮ್ಮೂರಿಗೇ ಬರಲಿರುವ ಬೋಜಮ್ಮನವರನ್ನು ಇನ್ನು ದಿನಾ ಎದುರಿಸಬೇಕು. ಹೀಗಾಗಿ ಬರೆಯುತ್ತಿದ್ದೇನೆ.

ನಾಪೋಕ್ಲಿನ ಹತ್ತಿರದ ಗೌಡ ಮನೆತನದಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮನೆಯವರು ಬೇಡವೆಂದರೂ ಕೇಳದೆ ಮದರಾಸಿಗೆ ಹೋಗಿ ದಾದಿಯ ಕೆಲಸ ಕಲಿತು ಬಂದವರು ಬೋಜಮ್ಮನವರು. ಮಡಿಕೇರಿಯಲ್ಲೂ ವಿರಾಜಪೇಟೆಯಲ್ಲೂ ಹಲವು ವರ್ಷ ಸೇವೆ ಸಲ್ಲಿಸಿದರು. ಒಂದು ಕಡೆ ಕೂರುವುದು ಅವರಿಗೆ ಆಗದ ಮಾತು. ಊಟದ ಎಲೆಯ ಮುಂದೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತಿತ್ತು. ನನ್ನ ಹೆಂಡತಿಗೆ ವಿಷಮಶೀತ ಜ್ವರ ಬಂದಾಗ ವಾರವಿಡೀ ನಮ್ಮ ಮನೆಗೆ ಬಂದು ಗಂಜಿ ಕುಡಿಸಿದವರು ಅವರೇ. ಆದರೆ ಪ್ರತಿ ಸಲವೂ ನಿಂತುಕೊಂಡೇ ಕುಡಿಸಿದರು, ಆ ನಡುವೆ ನನ್ನ ಅಡಿಗೆಮನೆಯ ಕೊಳಕಿನ ಬಗ್ಗೆ ಬೈದರು ಕೂಡ. ಅವರ ಉಪಕಾರವನ್ನು ಬೈಗುಳದಿಂದ ಬೇರ್ಪಡಿಸಿ ಪಡೆದವರು ನಮ್ಮಲ್ಲಿ ಯಾರೂ ಇಲ್ಲ.

ಕೊಡಗಿಗೆ ಸ್ವಂತ ಸರಕಾರ ಬಂದ ಮೇಲೆ, ರಸ್ತೆಯಿಲ್ಲದ ಊರುಗಳಿಗೆ ಔಷಧ ಮುಟ್ಟಿಸಲು ಒಂದು ಸಂಚಾರಿ ಘಟಕ ಬೇಕೆಂದು ಅರ್ಜಿ ಬರೆದು ಬರೆದು ಇಲಾಖೆಯವರ ತಲೆ ತಿಂದವರು ಅವರು. ಘಟಕವೇನೋ ಮಂಜೂರಾಯಿತು, ಅದರ ಹೊಣೆಯನ್ನೂ ಅವರಿಗೇ ಒಪ್ಪಿಸಿದರು. ಪರದೇಶದ ಗಾಡಿ ಕೊಳ್ಳುವಷ್ಟು ಅನುಕೂಲ ಮಾತ್ರ ಇರಲಿಲ್ಲ. ಆಗ ಕುಶಾಲನಗರದ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿ ಹಾರಂಗಿ ಮೋಟಾರು ಕಾರ್ಖಾನೆ ಎಂಬ ಬೋರ್ಡು ಹೊಸದಾಗಿ ಎದ್ದಿತ್ತು. ಅದರ ಒಡೆಯ ಕೃಷ್ಣಪ್ಪ, ಹಾಸನದ ಕಡೆಯಿಂದ ಬಂದು ನೆಲೆಸಿದ ರೈತರ ಮಗ. ಯುದ್ಧಕಾಲದಲ್ಲಿ ಸೈನ್ಯದ ರಿಪೇರಿ ಶಾಲೆಯಲ್ಲಿ ಇದ್ದವನು. ಸೈನ್ಯದ ಹರಾಜಿನಲ್ಲಿ ಸಿಕ್ಕ ಎಂಜಿನ್ನು, ಚಕ್ರದ ಅಚ್ಚುಗಳನ್ನು ತಂದು, ಮೇಲಿನ ಕಟ್ಟನ್ನು ತಾನೇ ಕಟ್ಟಿ, ನಾಲ್ಕೂ ಚಕ್ರ ಎಳೆಯುವ ಗಾಡಿಯೊಂದನ್ನು ಜೊತೆಗಾರರೊಂದಿಗೆ ಮಾಡಿದ್ದ. ಪ್ರಯೋಗಕ್ಕೆ ಒಂದು ಕೊಳ್ಳುವುದು, ಮಳೆಗಾಲ ಕಳೆದ ಮೇಲೆ ಸಮಿತಿಯೊಂದು ನೋಡಿ ಒಪ್ಪಿದರೆ ಇನ್ನಷ್ಟು ಕೊಳ್ಳುವುದು ಎಂದು ತೀರ್ಮಾನವಾಯಿತು. ಒಪ್ಪದಿದ್ದರೆ ಶೆಡ್ಡಿಗೆ ಬೀಗ, ಬೇರೆ ಗಾಡಿಯಿಲ್ಲದ ಘಟಕಕ್ಕೂ ಬೀಗ.

ಹಾರಂಗಿ ಗಾಡಿ ಘಟಕದ ನೆಲೆಯಾದ ನಾಪೋಕ್ಲಿಗೆ ಬಂದ ದಿನ ಅಂಗಡಿಯವರೆಲ್ಲ ಎದ್ದು ಬಂದು ನೋಡಿದರು. ಆ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಏರು ಹತ್ತಿದರೆ ರೇಡಿಯೇಟರಿನ ನೀರು ಕುದಿಯುತ್ತಿತ್ತು. ಮುಂದಿನ ಚಕ್ರಗಳಿಗೆ ಬಲ ಕೊಡುವ ಸನ್ನೆಕೋಲು ಬೇಕಾದಾಗ ಬೀಳುತ್ತಿರಲಿಲ್ಲ, ಬಿದ್ದರೆ ಬಿಡುತ್ತಿರಲಿಲ್ಲ. ಮಳೆ ಶುರುವಾದ ಮೇಲೆ ಮೂರನೆಯ ಕಾಯಿಲೆ ಹಿಡಿಯಿತು. ಚೆನ್ನಾಗಿ ಓಡುತ್ತಿದ್ದ ಗಾಡಿ ಏನೂ ಹೇಳದೆ ಕೇಳದೆ ನಿಂತುಬಿಡುತ್ತಿತ್ತು. ಡ್ರೈವರ್ ಸಣ್ಣಸ್ವಾಮಿ ಹ್ಯಾಂಡಲ್ ಹೊಡೆದು ಹೊಡೆದು ಸುಸ್ತಾಗಿ ಬೀಡಿ ಹಚ್ಚಿದ ಮೇಲೆ, ಯಾರೋ ಒಂದು ಸಲ ನೂಕಿದರೆ ತಾನಾಗಿಯೇ ಹೊರಡುತ್ತಿತ್ತು. ನಿಂತ ಗಾಡಿಯಲ್ಲಿ ಬೋಜಮ್ಮನವರು ಒಂದು ಗಳಿಗೆಯೂ ಕೂತವರಲ್ಲ. ಪೆಟ್ಟಿಗೆ ಎತ್ತಿಕೊಂಡು ನಡೆದೇಬಿಡುತ್ತಿದ್ದರು; ಔಷಧಿಯ ಚೀಲ ಹೊತ್ತು ನಾನು ಏದುಸಿರು ಬಿಡುತ್ತ ಹಿಂದೆ ಹೋಗುತ್ತಿದ್ದೆ. ಆ ಮಳೆಗಾಲದಲ್ಲಿ ನಾನು ಶಪಿಸದ ದೇವರಿಲ್ಲ.

ಕಕ್ಕಬ್ಬೆ ಕಡೆಯ ಕಾಡಂಚಿನ ನಾಲ್ಕಾರು ಗುಡಿಸಲುಗಳ ಒಂದು ಹಾಡಿಯಿಂದ ಕಾಳ ಎಂಬವನು ಒಂದು ಬೆಳಿಗ್ಗೆ ನೆನೆದು ತೊಪ್ಪೆಯಾಗಿ ಓಡಿಬಂದ. ಅವನ ಹೆಂಡತಿ ನಿಂಗಮ್ಮನಿಗೆ ಹೆರಿಗೆ ನೋವು ಎದ್ದು, ಮಗು ಅಡ್ಡ ಬಿದ್ದಿತ್ತು. ಕೂಡಲೇ ಹೊರಟೆವು. ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಬೋಜಮ್ಮನವರು ಇಳಿದು ಓಡಿದರು; ಐವತ್ತು ದಾಟಿದ ಆ ಹೆಂಗಸು ಕೆಸರಿನಲ್ಲಿ ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಂಗಮ್ಮ ಬದುಕಿದಳು, ಮಗು ಬದುಕಲಿಲ್ಲ. ಮೊದಲೇ ಬಂದಿದ್ದರೂ ಉಳಿಯುತ್ತಿತ್ತೋ ಇಲ್ಲವೋ ಹೇಳಲಾಗದು ಎಂದು ಆಮೇಲೆ ಡಾಕ್ಟರು ಸಮಾಧಾನ ಹೇಳಿದರು. ಬೋಜಮ್ಮನವರಿಗೆ ಆ ಸಮಾಧಾನ ಬೇಕಿರಲಿಲ್ಲ. ಅಂದೇ ಇಲಾಖೆಗೆ ದೂರು ಬರೆದರು. ಈ ಗಾಡಿ ಒಂದು ಮಗುವನ್ನು ಕೊಂದಿದೆ, ಇದನ್ನು ಮಾಡಿದವನು ಸಮಿತಿಯ ಮುಂದೆ ಉತ್ತರ ಕೊಡಬೇಕು ಎಂದಿತ್ತು ಅದರಲ್ಲಿ.

ದೂರಿನ ಸುದ್ದಿ ಕುಶಾಲನಗರಕ್ಕೆ ಮುಟ್ಟಿದ್ದೇ ಕೃಷ್ಣಪ್ಪ ಬಸ್ಸು ಹತ್ತಿ ನಾಪೋಕ್ಲಿಗೆ ಬಂದ. ಅವನ ಮುಖ ಸೋತುಹೋಗಿತ್ತು, ಆದರೆ ಮಾತಿನಲ್ಲಿ ಸೋಲಿರಲಿಲ್ಲ.

“ನೀರು ಕುದಿಯಾದು ನಂದು, ಒಪ್ಕೋತೀನಿ ಅಮ್ಮಾರೆ. ಸನ್ನೆ ಬೀಳ್ದಿರಾದೂ ನಂದೇ. ಆದ್ರೆ ಗಾಡಿ ಹಿಂಗ್ ನಿಂತ್ಕಳಾದು ಏನೂಂತ ನಂಗೆ ತಿಳೀತಿಲ್ಲ. ತಿಳೀದೇ ಇರಾ ತಪ್ಪ ಹೆಂಗ್ ಹೊತ್ಕಳ್ಳಿ?”

“ಹಾಗಾದ್ರೆ ಬಾ, ಹತ್ತು. ನಿಂತಾಗ ನೀನೇ ನೋಡು” ಎಂದರು ಬೋಜಮ್ಮನವರು.

ಗಾಡಿ ಅವನಿಗೂ ಮರ್ಯಾದೆ ಕೊಡಲಿಲ್ಲ. ಭತ್ತದ ಗದ್ದೆಗಳ ನಡುವೆ ಒಂದು ತಿರುವಿನಲ್ಲಿ ನಿಂತುಬಿಟ್ಟಿತು. ಕೃಷ್ಣಪ್ಪ ಬಾನೆಟ್ಟು ಎತ್ತಿ ನೋಡಿದ, ಕೆಳಗೆ ಮಲಗಿ ನೋಡಿದ, ಕೊನೆಗೆ ಬೋಜಮ್ಮನವರ ಸೀಟನ್ನೇ ಕಿತ್ತು ತೆಗೆದ. ಹೊಳೆಯ ನೀರು ತಾಗಬಾರದೆಂದು ಬ್ಯಾಟರಿಯನ್ನು ಅವನು ಆ ಸೀಟಿನ ಕೆಳಗೆ ಕೂರಿಸಿದ್ದ. ಬ್ಯಾಟರಿಯಿಂದ ಗಾಡಿಯ ಚೌಕಟ್ಟಿಗೆ ಹೋಗುವ ದಪ್ಪ ತಂತಿ, ಅದನ್ನು ಬಿಗಿದ ಬೋಲ್ಟು, ಸುತ್ತಲಿನ ಕಬ್ಬಿಣ ಎಲ್ಲವೂ ಹಸಿರು ಕಿಲುಬು, ತುಕ್ಕು ಹಿಡಿದು, ಪುಡಿಪುಡಿಯಾಗಿ, ಕೈ ತಾಗಿದರೆ ಉದುರುತ್ತಿದ್ದವು. ತಂತಿಯ ಹಿಡಿತ ತಪ್ಪಿದಾಗ ಗಾಡಿ ನಿಲ್ಲುತ್ತದೆ, ನೂಕಿದ ಕುಲುಕಿಗೆ ಮತ್ತೆ ತಾಗಿದರೆ ಹೊರಡುತ್ತದೆ ಎಂದು ಕೃಷ್ಣಪ್ಪನಿಗೆ ಈಗ ತಿಳಿಯಿತು.

“ಯುದ್ಧದಾಗೆ ಸಮುದ್ರದ ದಂಡೇಲಿ ನಿಂತಿದ್ದ ಲಾರಿಗಳು ಹಿಂಗಾಗ್ತಿದ್ವು. ಇಲ್ಲಿ ಎಲ್ಲೈತೆ ಸಮುದ್ರ?” ಎಂದು ತನ್ನಷ್ಟಕ್ಕೆ ಗೊಣಗಿದ.

ಇಲ್ಲಿ ಒಂದು ವಿಷಯ ಹೇಳಬೇಕು. ಮಳೆಗಾಲದಲ್ಲಿ ಆ ದಾರಿಗಳಲ್ಲಿ ಜಿಗಣೆಗಳ ಕಾಟ ಅಷ್ಟಿಷ್ಟಲ್ಲ. ಹಸಿ ಬಾಣಂತಿಯರನ್ನೂ ಕೂಸುಗಳನ್ನೂ ಕೂರಿಸಿಕೊಂಡು ಬರುವ ಗಾಡಿಯೊಳಗೆ ಅವು ಹತ್ತಬಾರದೆಂದು ಬೋಜಮ್ಮನವರು ಮೊದಲ ಮಳೆಗೇ ಒಂದು ಕಟ್ಟಳೆ ಮಾಡಿದ್ದರು. ತಮ್ಮ ತವರುಮನೆಯ ಹೊಸಿಲಲ್ಲಿ ಮಾಡುತ್ತಿದ್ದಂತೆಯೇ, ಗೋಣಿಗಳನ್ನು ಗಟ್ಟಿ ಉಪ್ಪುನೀರಿನಲ್ಲಿ ಅದ್ದಿ ಗಾಡಿಯ ಮೆಟ್ಟಿಲಿಗೂ ನೆಲಕ್ಕೂ ಹಾಸಬೇಕು, ದಿನಾ ಬೆಳಿಗ್ಗೆ ಮತ್ತೆ ಅದ್ದಬೇಕು. ಸಣ್ಣಸ್ವಾಮಿ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ತಪ್ಪಿಸಿದರೆ ಅವನ ಗ್ರಹಚಾರ ಬಿಡಿಸುತ್ತಿದ್ದರು.

ಆ ದಿನವೂ ಗೋಣಿ ಹಾಸಿತ್ತು. ಕೃಷ್ಣಪ್ಪ ಅದನ್ನು ನೋಡಿದರೂ ಮಳೆಯಲ್ಲಿ ನೆನೆದ ಬರೀ ಗೋಣಿಯೆಂದೇ ತಿಳಿದಿದ್ದ. ಬೋಜಮ್ಮನವರು ಬಗ್ಗಿದರು. ಸೀಟಿನ ಹಿಂದಿನ ಗೋಣಿಯ ಅಂಚಿನಿಂದ ಬ್ಯಾಟರಿಯ ಪೆಟ್ಟಿಗೆಯೊಳಗೆ ನೀರು ತೊಟ್ಟಿಕ್ಕುತ್ತಿತ್ತು. ಗೋಣಿಯ ಆ ಅಂಚನ್ನು ಹಿಂಡಿ, ಬೆರಳನ್ನು ನಾಲಗೆಗೆ ಮುಟ್ಟಿಸಿಕೊಂಡರು. ಸಣ್ಣಸ್ವಾಮಿ ನನ್ನ ಮುಖ ನೋಡಿದ, ನಾನು ಗದ್ದೆಯ ಕಡೆ ನೋಡಿದೆ. ಅವರು ಸುಮ್ಮನಿದ್ದುಬಿಟ್ಟಿದ್ದರೆ ನಾವಿಬ್ಬರೂ ಸುಮ್ಮನಿರುತ್ತಿದ್ದೆವು, ಕೃಷ್ಣಪ್ಪನಿಗೆ ಗೊತ್ತಾಗುತ್ತಲೂ ಇರಲಿಲ್ಲ. ಇದನ್ನು ಯೋಚಿಸಿದಾಗ ಇಂದಿಗೂ ನನಗೆ ಒಂಥರಾ ಚಡಪಡಿಕೆಯಾಗುತ್ತದೆ.

“ಕೃಷ್ಣಪ್ಪ, ಇದು ಉಪ್ಪು. ನಾನು ಹಾಕಿಸಿದ್ದು” ಎಂದರು.

ಗೆದ್ದೆನೆಂದು ಕುಣಿಯಬಹುದಾಗಿದ್ದವನು ತಲೆ ಕೆರೆದುಕೊಂಡ. “ಬುಡಿ ಅಮ್ಮಾರೆ. ಪೆಟ್ಟಿಗೇನ ಮುಚ್ಚಳಿಲ್ದಂಗೆ ಕಾಲಡಿ ಮಡಗಿದ್ದೋನು ನಾನೇ ಅಲ್ವಾ?”

“ಅದನ್ನ ನೀನು ಹೇಳು. ನಂದು ನಾನು ಹೇಳ್ತೇನೆ.”

ಅಷ್ಟು ಹೇಳಿ ಎಂದಿನಂತೆ ಇಳಿದು ನಡೆದರು. ಆದರೆ ನಾಪೋಕ್ಲಿನ ಕಡೆಗಲ್ಲ, ನಿಂಗಮ್ಮನ ಹಾಡಿಯ ಕಡೆಗೆ. ನಾನು ಹಿಂದೆಯೇ ಹೋದೆ. ಗುಡಿಸಲಿನ ಮುಂದೆ ನಿಂತು, ಒಂದು ಮಾತನ್ನೂ ಮರೆಮಾಡದೆ, ಗಾಡಿ ಆ ದಿನ ನಿಂತದ್ದು ತಮ್ಮ ಕಟ್ಟಳೆಯಿಂದ ಎಂದು ನಿಂಗಮ್ಮನಿಗೆ ಹೇಳಿದರು. ನಿಂಗಮ್ಮ ತಿರುಗಿ ಗುಡಿಸಲಿನೊಳಗೆ ನೋಡಿದಳು. ಅವಳ ಹಿರಿಯ ಮಗಳು ಮುತ್ತಿ ಒಳಗೆ ಚಳಿಜ್ವರದಲ್ಲಿ ನಡುಗುತ್ತ ಮಲಗಿದ್ದಳು.

“ಗಾಡಿ ಇನ್ನು ಬರೂದಿಲ್ವಾ ಅಮ್ಮ?” ಎಂದಷ್ಟೇ ನಿಂಗಮ್ಮ ಕೇಳಿದಳು.

ಬೋಜಮ್ಮನವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಬರ್ತದೆ” ಎಂದು ಮಾತು ಕೊಟ್ಟರು, ಮುತ್ತಿಗೆ ಔಷಧಿ ಕುಡಿಸಿ ಹೊರಟರು.

ಮಳೆ ಬಿಟ್ಟ ಮೇಲೆ ಮಡಿಕೇರಿಯಲ್ಲಿ ಸಮಿತಿ ಕೂಡಿತು. ಸದಸ್ಯರ ಮುಂದೆ ಬೋಜಮ್ಮನವರ ಹಳೆಯ ದೂರು ಇತ್ತು, ಗಾಡಿಯನ್ನು ಬೇಡವೆನ್ನಲು ಅದೊಂದೇ ಸಾಕಿತ್ತು. ಕೃಷ್ಣಪ್ಪ ಎದ್ದು ನೀರು ಕುದಿಯುವುದನ್ನೂ ಸನ್ನೆಯನ್ನೂ ಬ್ಯಾಟರಿ ಪೆಟ್ಟಿಗೆಯ ಜಾಗವನ್ನೂ ತನ್ನ ತಪ್ಪೆಂದು ಒಪ್ಪಿ, ತಿದ್ದಿದ್ದನ್ನು ವಿವರಿಸಿದ. ಆಮೇಲೆ ಬೋಜಮ್ಮನವರು ಎದ್ದು ಉಪ್ಪಿನ ವಿಷಯ ಹೇಳಿದರು. ಸಭೆ ತಬ್ಬಿಬ್ಬಾಯಿತು. ಅಧ್ಯಕ್ಷರು ಒಳ್ಳೆಯ ಮನುಷ್ಯರು. ಬೋಜಮ್ಮನವರಿಗೊಂದು ದಾರಿ ಮಾಡಿಕೊಡಲು ನೋಡಿದರು.

“ನಮ್ಮ ಮಳೆ, ನಮ್ಮ ಥಂಡಿ ಹವೆಯಿಂದ ತಂತಿ ಕೆಟ್ಟಿತು ಅಂತ ಬರೆದುಕೊಂಡರೆ ಆಗದೇ, ಸಿಸ್ಟರ್?”

“ಆಗೂದಿಲ್ಲ ಸ್ವಾಮಿ. ಹವೆಯಿಂದ ಅಂತ ಬರೆದ್ರೆ ಈ ಗಾಡಿ ನಮ್ಮೂರಿಗೆ ಆಗೂದಿಲ್ಲ ಅಂತ ನೀವೇ ಹೇಳ್ತೀರಿ. ನನ್ನಿಂದ ಅಂತ ಬರೀರಿ. ನನ್ನನ್ನ ತೆಗೀರಿ, ಗಾಡಿ ಇಟ್ಕೊಳ್ಳಿ.”

ಸಮಿತಿ ಅವರ ಮಾತನ್ನು ಅಕ್ಷರಶಃ ನಡೆಸಿಕೊಟ್ಟಿತು. ಗಾಡಿ ಉಳಿಯಿತು, ಇನ್ನಷ್ಟು ಗಾಡಿಗಳಿಗೆ ಬೇಡಿಕೆಯೂ ಹೋಯಿತು. ಬೋಜಮ್ಮನವರನ್ನು ಘಟಕದಿಂದ ತೆಗೆದು ವಿರಾಜಪೇಟೆಯ ಹೆರಿಗೆ ವಾರ್ಡಿಗೆ ಹಾಕಿದರು. ಒಂದು ಕಡೆ ಕೂರಲಾರದ ಮನುಷ್ಯರನ್ನು ನಾಲ್ಕು ಗೋಡೆಯ ನಡುವೆ ಕೂರಿಸಿದ್ದು ನ್ಯಾಯವೇ ಎಂದು ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ಸಂಪಾದಕರು ಈ ವಾಕ್ಯವನ್ನು ಹೊಡೆದು ಹಾಕಬಾರದಾಗಿ ವಿನಂತಿ. ಆದರೆ ಬೋಜಮ್ಮನವರು ಒಂದು ದಿನವೂ ಗೊಣಗಿದವರಲ್ಲ. ವಾರ್ಡಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದು ನಡೆದು ನೆಲವನ್ನು ಸವೆಸಿದರು, ಕಿರಿಯ ದಾದಿಯರನ್ನು ಗದರಿ ಗದರಿ ತಯಾರು ಮಾಡಿದರು. ನಾನು ನಾಪೋಕ್ಲಿನಿಂದ ಹೋದಾಗಲೆಲ್ಲ ಮೊದಲ ಪ್ರಶ್ನೆ ಒಂದೇ. “ಈ ವಾರ ಗಾಡಿ ಹಾಡಿಗೆ ಹೋಯ್ತಾ?”

ಹೋಗುತ್ತಿತ್ತು. ನೀರು ಕುದಿಯುವುದು ನಿಂತಿತು, ಸನ್ನೆ ಹೇಳಿದ ಮಾತು ಕೇಳತೊಡಗಿತು. ಉಪ್ಪಿನ ಗೋಣಿಗಳು ಹೋಗಿ, ಕೃಷ್ಣಪ್ಪನೇ ತಂದುಕೊಟ್ಟ ಸೈನ್ಯದ ಕಾಲುಪಟ್ಟಿಗಳನ್ನು ಜಿಗಣೆ ಹತ್ತದಂತೆ ನಾವು ಸುತ್ತಿಕೊಂಡೆವು. ಕಳೆದ ವರ್ಷ ನಿಂಗಮ್ಮನಿಗೆ ಮತ್ತೆ ನೋವು ಎದ್ದಾಗ ಗಾಡಿ ವೇಳೆಗೆ ಸರಿಯಾಗಿ ಮುಟ್ಟಿತು. ಗಂಡು ಮಗು, ಹುಷಾರಾಗಿದೆ. ಈ ಸುದ್ದಿಯನ್ನು ಹೇಳಲು ನಾನೇ ವಿರಾಜಪೇಟೆಗೆ ಓಡಿದ್ದೆ. ಬೋಜಮ್ಮನವರು ಕೇಳಿ, ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತರು.

ನಿವೃತ್ತಿಯ ನಂತರ ನಾಪೋಕ್ಲಿನ ತಮ್ಮ ಮನೆಯ ಜಗಲಿಯಲ್ಲಿ ಹಳ್ಳಿಯ ಸೂಲಗಿತ್ತಿಯರಿಗೆ ಪಾಠ ಹೇಳುವುದಾಗಿ ಅವರು ನಿಶ್ಚಯಿಸಿದ್ದಾರೆ. ಮೊನ್ನೆ ಈ ಲೇಖನದ ವಿಷಯವಾಗಿ ಮಾತಾಡುವಾಗ, ಒಂದು ಸಲವಾದರೂ ಗಾಡಿಯಲ್ಲಿ ಹಾಡಿಗೆ ಕರೆದುಕೊಂಡು ಹೋಗುತ್ತೇನೆ ಬನ್ನಿ ಎಂದು ನಾನು ಕರೆದೆ. ಘಟಕದ ಸಿಬ್ಬಂದಿ ಮತ್ತು ರೋಗಿಗಳ ಹೊರತು ಯಾರೂ ಅದನ್ನು ಹತ್ತಬಾರದೆಂಬ ನಿಯಮವನ್ನು ಅವರೇ ನನಗೆ ನೆನಪಿಸಿದರು. “ಸಿಬ್ಬಂದಿಯಾಗಿ ಹತ್ತೂದು ಮುಗೀತು ದೇರಪ್ಪ. ಇನ್ನು ರೋಗಿಯಾಗಿ ಹತ್ತೂದು ಒಂದೇ ಉಳಿದದ್ದು” ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಇಂಥ ಸಂಪುಟಗಳ ಕೊನೆಯಲ್ಲಿ ಆಯುರಾರೋಗ್ಯವನ್ನು ಹಾರೈಸುವುದು ರೂಢಿ. ನಾನೂ ಇಗ್ಗುತಪ್ಪನಿಗೆ ಕೈಮುಗಿದು ಹಾರೈಸುತ್ತೇನೆ. ಹಾರಂಗಿ ಗಾಡಿ ನೂರು ವರ್ಷ ಓಡಲಿ, ಬೋಜಮ್ಮನವರು ಅದನ್ನು ಎಂದೆಂದಿಗೂ ಹತ್ತದಿರಲಿ.