ತರಕಾರಿ ಜ್ಯೂಸಿನ ಸಾರು

ಸಿಡ್ನಿಯಲ್ಲಿ ನನಗೆ ಮೊದಲು ಕೆಲಸ ಕೊಟ್ಟವರು ಉಡುಪಿ ಕಡೆಯ ಒಬ್ಬ ಅಂಕಲ್. ಜಪಾನಿನ ಕಂಪನಿಯೊಂದರ ಟೊಮೆಟೊ ಸಾಸು, ತರಕಾರಿ ಜ್ಯೂಸು ತರಿಸಿ ಅಂಗಡಿಗಳಿಗೆ ಹಾಕುತ್ತಿದ್ದರು. ಬ್ಲ್ಯಾಕ್‌ಟೌನಿನಲ್ಲೊಂದು ಬಾಡಿಗೆ ಗೋಡೌನು, ಒಂದು ಹಳೆಯ ವ್ಯಾನು, ಅಷ್ಟೇ. ಉಳಿದ ಸಾಮಾನೆಲ್ಲ ಬಿಟ್ಟು ಆ ಕಂಪನಿಯ ಮಾಲೊಂದನ್ನೇ ನೆಚ್ಚಿಕೊಂಡಿದ್ದರು.

“ಇದು ಓಡದಿದ್ರೆ ನಾನು ಬಾಗಿಲು ಹಾಕುದೇ ಮಾರಾಯ್ತಿ,” ಎನ್ನುತ್ತಿದ್ದರು.

ನನ್ನ ಕೆಲಸ ಶನಿವಾರ ಇಂಡಿಯನ್ ಅಂಗಡಿಯಲ್ಲಿ ನಿಂತು ಪುಟ್ಟ ಕಪ್ಪುಗಳಲ್ಲಿ ಜ್ಯೂಸಿನ ರುಚಿ ತೋರಿಸುವುದು. ಕುಡಿದವರ ಮುಖ ನೋಡಬೇಕಿತ್ತು! ಬೆಂಗಳೂರಿನ ಆಂಟಿಯೊಬ್ಬರಂತೂ ಮೂಗು ಮುರಿದು, “ಇದೇನ್ರೀ, ಒಗ್ಗರಣೆ ಹಾಕದ ತಣ್ಣನೆ ಸಾರು!” ಎಂದು ಕಪ್ಪು ಕೆಳಗಿಟ್ಟೇಬಿಟ್ಟರು. ಮೈಯೆಲ್ಲ ಉರಿಯಿತು. ಹಾಗಾದರೆ ಸಾರೇ ಕುಡಿಯಿರಿ ಎಂದು ಮುಂದಿನ ಶನಿವಾರ ಕ್ವೇಕರ್ಸ್ ಹಿಲ್‌ನ ಮನೆಯಿಂದ ಕರೆಂಟ್ ಒಲೆ, ಅಮ್ಮ ಕಳಿಸಿದ ಸಾರಿನ ಪುಡಿ ಹೊತ್ತುಕೊಂಡು ಹೋದೆ. ಜ್ಯೂಸಿಗೆ ಪುಡಿ ಹಾಕಿ ಕುದಿಸಿ, ಇಂಗು, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟೆ. ಘಮಘಮ! ಜನ ಮುಗಿಬಿದ್ದರು. ಹುಣಸೆಹಣ್ಣು ನೆನೆಸುವ, ಬೇಳೆ ಬೇಯಿಸುವ ರಗಳೆಯೇ ಇಲ್ಲವಲ್ಲ. ಕೆಲವೇ ವಾರಗಳಲ್ಲಿ ಅಂಕಲ್‌ಗೆ ಗೋಡೌನು ತುಂಬಿಸುವುದೇ ದೊಡ್ಡ ಕೆಲಸವಾಯಿತು.

ಒಂದು ಶನಿವಾರ ಸಾರು ಕುದಿಯುತ್ತಿರುವಾಗ ಕೋಟು ಹಾಕಿದ ಜಪಾನೀಯರೊಬ್ಬರು ಎದುರು ನಿಂತರು. ಕಂಪನಿಯವರಂತೆ. ಒಂದೇ ಸಬರ್ಬಿನಲ್ಲಿ ಇಷ್ಟೊಂದು ಹೇಗೆ ಖರ್ಚಾಗುತ್ತಿದೆ ಎಂದು ನೋಡಲು ಬಂದಿದ್ದರು. ತಮ್ಮ ಜ್ಯೂಸಿನಲ್ಲಿ ಸಾಸಿವೆ ತೇಲುವುದನ್ನು ಅವರು ಕಣ್ಣರಳಿಸಿ ನೋಡಿದರು. ಅಯ್ಯೋ ಶಿವನೇ, ಮುಗಿಯಿತು ಕಥೆ ಎಂದುಕೊಂಡೆ. ಅವರು ಒಂದು ಕಪ್ಪು ಕುಡಿದರು, ಕೆಮ್ಮಿದರು, ಇನ್ನೊಂದು ಕೇಳಿದರು!

ಸುದ್ದಿ ತಿಳಿದ ಅಂಕಲ್‌ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಜಪಾನೀಯರನ್ನು ತಮ್ಮ ವ್ಯಾನಿನಲ್ಲೇ ಕೂರಿಸಿಕೊಂಡು ಅಂಗಡಿ ಅಂಗಡಿಗೂ ಕರೆದೊಯ್ದರು. ಯಾರು ಕೊಳ್ಳುತ್ತಾರೆ, ಯಾವಾಗ ಕೊಳ್ಳುತ್ತಾರೆ ಎಂದು ಒಂದೂ ಬಿಡದೆ ಹೇಳಿದರು. ನಾನೂ ಹಿಂದಿನ ಸೀಟಿನಲ್ಲಿ ಕೂತು ಬಾಯಿ ತುಂಬ ಹೇಳಿದೆ.

ಸ್ವಲ್ಪ ದಿನ ಬಿಟ್ಟು ಅಂಕಲ್ ಗೋಡೌನಿಗೆ ಕರೆದರು. ಸಂಬಳ ಜಾಸ್ತಿ ಮಾಡುತ್ತಾರೆಂದು ಹೊಸ ಚೂಡಿದಾರ ಹಾಕಿಕೊಂಡು ಹೋಗಿದ್ದೆ.

“ಮಾರ್ಕೆಟ್ ದೊಡ್ಡದಾಯ್ತಂತೆ,” ಎಂದರು. “ಮೆಲ್ಬರ್ನ್‌ನಲ್ಲಿ ಕಂಪನಿಯವರದ್ದೇ ಆಫೀಸು ಆಗ್ತದಂತೆ. ಇನ್ನು ಅಂಗಡಿಗಳಿಗೆ ಅವರೇ ಡೈರೆಕ್ಟ್ ಕೊಡುದಂತೆ.”

“ಮತ್ತೆ ನೀವು?”

“ನಾನೆಂತ ಮಾಡುದು? ಬಾಗಿಲು ಹಾಕುದು.”

ಓಡದಿದ್ದರೆ ಮುಚ್ಚಬೇಕಾಗುತ್ತದೆ ಎಂದೇ ಇಷ್ಟು ದಿನ ಹೆದರಿದ್ದೆವು. ಓಡಿದರೂ ಮುಚ್ಚಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು? “ಇದ್ಯಾವ ನ್ಯಾಯ ಅಂಕಲ್! ಕಷ್ಟಪಟ್ಟು ಗಿಡ ನೆಟ್ಟವರು ನೀವು!” ಎಂದು ಗೋಡೌನು ಅದುರುವಂತೆ ಕೂಗಾಡಿದೆ.

“ನಿನ್ನನ್ನು ಕರೀತಿದ್ದಾರೆ,” ಎಂದರು ಅಂಕಲ್. “ಮೆಲ್ಬರ್ನಿನ ವೆರಿಬೀ ಅಂಗಡಿಗಳಲ್ಲಿ ನಿನ್ನ ಸಾರು ಬೇಕಂತೆ. ಹೋಗು, ಒಳ್ಳೆ ಕೆಲಸ.”

ಅಂಕಲ್ ಖಾಲಿ ರಟ್ಟಿನ ಡಬ್ಬಿಗಳನ್ನು ಚಪ್ಪಟೆ ಮಾಡಿ ಒಂದರ ಮೇಲೊಂದು ಜೋಡಿಸುತ್ತಿದ್ದರು. ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದೆ ಕೇಳುವವರ ಹಾಗೆ ನನ್ನ ಕಡೆ ತಿರುಗಿದರು.

“ನಾವು ಅಷ್ಟು ಚಂದ ಮಾರದೆ ಇದ್ದಿದ್ರೆ, ಅವರು ನನ್ನೊಟ್ಟಿಗೇ ಇರ್ತಿದ್ರು ಅಲ್ವಾ ಮಾರಾಯ್ತಿ?”